ಬಲಕ್ಕೆ ತಿರುಗಿದ ಗರಗಸ

ಬೀದರಿಗೆ ಬಿಜಲಿ ಬಂದ ಹೊಸದು. ಕಟ್ಟಿಗೆ ಅಡ್ಡೆಯ ಸಾವಕಾರ ಶಿವರಾಜಪ್ಪನಿಗೆ ಹುರುಪು ತಡೆಯಲಿಲ್ಲ. ಹೈದರಾಬಾದಿನಲ್ಲಿ ಯಾರೋ ಓಡಿಸಿ ಸಾಕಾಗಿ ಮಾರಿದ ಗರಗಸದ ಮಿಶನ್ನು ತಂದು ನೌಬಾದಿನ ಅಡ್ಡೆಯಲ್ಲಿ ನಿಲ್ಲಿಸಿದ. ಸಂಜೆಯೊಳಗೆ ಅದು ಒಂದು ದಿಮ್ಮಿಯನ್ನಾದರೂ ಕೊಯ್ಯದಿದ್ದರೆ ಮಾರಿದವನಿಗೇ ವಾಪಸು ಎಂದು ಕರಾರು. ಕೊಯ್ದರೆ, ಇಪ್ಪತ್ತು ವರ್ಷದಿಂದ ಅಲ್ಲಿ ಜೋಡಿಯಾಗಿ ಕೈಗರಗಸ ಎಳೆಯುತ್ತಿದ್ದ ಹಾವಗೆಪ್ಪ, ಮಚ್ಛೇಂದ್ರ ಇಬ್ಬರ ಅನ್ನಕ್ಕೂ ಕಲ್ಲು ಬಿದ್ದಂತೆಯೇ.

ಇಬ್ಬರೂ ಬೇವಿನ ನೆರಳಿನಲ್ಲಿ ಕೂತು ನೋಡುತ್ತಿದ್ದರು. ನೋಡುವಂಥದ್ದೇ ಇತ್ತು ಬಿಡಿ. ಬಿಜಲಿ ಮಿಸ್ತ್ರಿ ಕುತುಬೋದ್ದೀನ ಬೂಟು ಹಾಕಿಕೊಂಡು ಬಂದಿದ್ದ. ಬೂಟಿಗಿದ್ದ ಮಿಂಚು ಬುದ್ಧಿಗೆ ಇರಲಿಲ್ಲ. ಮುಂಜಾನೆ ಅವನು ಮೂರು ತಂತಿ ಜೋಡಿಸಿ ಗುಂಡಿ ಒತ್ತಿದಾಗ, ಇನ್ನೂ ಗರಗಸ ತೊಡಿಸದ ಮೋಟಾರು ಗರ್ರನೆ ಎಡಕ್ಕೆ ತಿರುಗಿತ್ತು. ಸಾವಕಾರ ಹೌಹಾರಿದ.

"ಎಡಸುತ್ತು ಸಾವಿನ ಮನಿಗಿ. ಬಲಕ್ಕ ತಿರಗಸು, ಮಿಸ್ತ್ರಿ."

ಮಿಸ್ತ್ರಿ ಎರಡು ತಂತಿ ಅದಲುಬದಲು ಮಾಡಿದ. ಮೋಟಾರು ಬಲಕ್ಕೆ ತಿರುಗಿತು, ಸಾವಕಾರ ಕೈಮುಗಿದ. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಎಡಬಲದ ಶಕುನ ನೋಡುವವನನ್ನು ಕಂಡು ಹಾವಗೆಪ್ಪನಿಗೆ ಹೇಸಿಕೆ ಬಂತು.

ಆಮೇಲೆ ಚಕ್ರದಂಥ ಗರಗಸ ತೊಡಿಸಿ, ಭಾಲ್ಕಿಯಿಂದ ಬಂದು ಹಿಂದಿನ ದಿನವೇ ಅಡ್ಡೆಯಲ್ಲಿ ಕೆತ್ತಿಟ್ಟಿದ್ದ ಜಾಲಿ ದಿಮ್ಮಿ ಹಚ್ಚಿದರು. ಕಿರ್ರೆಂದಿತು, ಹೊಗೆ ಎದ್ದಿತು, ಕಟ್ಟಿಗೆ ಕರ್ರಗಾಯಿತು. ಒಂದು ಬೆರಳಿನಷ್ಟೂ ಕೊಯ್ಯಲಿಲ್ಲ. ಮಿಸ್ತ್ರಿ ತಂತಿ ಬಿಚ್ಚಿದ, ಕೆರೆದ, ಕಟ್ಟಿದ, ಮತ್ತೆ ಹೊಗೆ. ಫ್ಯೂಜು ಬದಲಿಸಿದ, ಮತ್ತೆ ಹೊಗೆ. ಬಿಜಲಿಯೇ ಕಮ್ಮಿ ಬರುತ್ತಿದೆ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಬೆನ್ನ ಕಡೀಂದ ಹಲ್ಲು ಕಡೀತಾವೇನು," ಹಾವಗೆಪ್ಪ ಗೊಣಗಿದ.

ಮಚ್ಛೇಂದ್ರ ಅವನ ಮೊಣಕಾಲು ಒತ್ತಿ ಹಿಡಿದ. "ಸುಮ್ಮ ಕೂಡು. ಸಂಜಿ ಆಗಲಿ, ಮಿಶನ್ ಹೋಗ್ತದ."

ಕೂತ. ಹಾವಗೆಪ್ಪ ಅಷ್ಟು ಹೊತ್ತು ಬಾಯಿ ಕಟ್ಟಿಕೊಂಡು ಕೂತದ್ದೇ ದೊಡ್ಡದು. ಹೊತ್ತು ಇಳಿಯುವಾಗ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ, "ತಂತಿ ಠೀಕ್ ಅದಾವ್ರಿ, ಸಾವಕಾರ್ರ. ದಿಮ್ಮಿ ಕೆತ್ತಿದವಗ ಕೆಲಸ ಬರಂಗಿಲ್ಲ, ಅದಕ್ಕ ಹಿಡೀಲಿಕತ್ತದ" ಎಂದ.

ದಿಮ್ಮಿ ಕೆತ್ತಿದವನು ಹಾವಗೆಪ್ಪ. ಅವನ ಮೈಯೆಲ್ಲ ಉರಿದುಹೋಯಿತು.

"ಗರಗಸ ಉಲ್ಟಾ ತಿರಗ್ಲಿಕತ್ತದೋ ಶಾಣ್ಯಾ. ಹಲ್ಲಿನ ಮುಖ ಯಾ ಕಡಿ ಅದ ನೋಡು. ಮುಂಜಾನಿ ಬದಲು ಮಾಡಿದ ಎರಡು ತಂತಿ ಮೊದಲಿನಂಗ ಹಚ್ಚು." ಸಾವಕಾರನತ್ತ ತಿರುಗಿದ. "ಎಡ ಬ್ಯಾಡಂದ್ರ ಆ ಕಡಿ ಹೋಗಿ ನಿಂದರ್ರಿ. ಅಲ್ಲಿಂದ ಬಲಕ್ಕೇ ಕಾಣ್ತದ."

ತಂತಿ ಬದಲಾಯಿತು. ಸಾವಕಾರ ಆ ಕಡೆ ಹೋಗಿ ನಿಂತೇಬಿಟ್ಟ, ಪುಣ್ಯಾತ್ಮ. ಜೋಡಿಯಾಗಿ ಅರ್ಧ ದಿನ ಎಳೆಯುವ ದಿಮ್ಮಿಯನ್ನು ಒಂದು ಎಲೆ ಅಡಿಕೆ ಜಗಿಯುವಷ್ಟರಲ್ಲಿ ಮಿಶನ್ನು ಸೀಳಿ ಹಾಕಿತು. ಹಾವಗೆಪ್ಪ ಎದೆಯುಬ್ಬಿಸಿ ಮಿಸ್ತ್ರಿಯ ಮೋರೆ ನೋಡುತ್ತ ನಿಂತಿದ್ದ.

"ನಾಳಿಂದ ಮಿಶನ್ ನೀನ ನೋಡ್ಕೊ, ಹಾವಗೆಪ್ಪ," ಎಂದ ಸಾವಕಾರ. "ಒಬ್ಬಾಂವ ಸಾಕು."

ಆಗ ಹಾವಗೆಪ್ಪನಿಗೆ ಮೈಮೇಲೆ ಎಚ್ಚರ ಬಂತು. ತಿರುಗಿ ನೋಡಿದರೆ ಮಚ್ಛೇಂದ್ರ ಆಗಲೇ ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡಿದ್ದ. ಬಿಜಲಿ ಬಾರದ ಔರಾದಿಗೆ ಹೋಗುತ್ತಾನಂತೆ. ಆದರೆ ಕೈಗರಗಸಕ್ಕೆ ಎರಡು ತುದಿ. ಇನ್ನೊಂದನ್ನು ಅಲ್ಲಿ ಯಾರು ಹಿಡಿಯಬೇಕು?

"ಉಲ್ಟಾ ತಿರಗ್ತದಂತ ನನಗೂ ಗೊತ್ತಿತ್ತು," ಎಂದ ಮಚ್ಛೇಂದ್ರ. "ನಾ ಸುಮ್ಮ ಕುಂತಿದ್ದೆ."