ಕಡಲೂರಿನ ಮಳೆ

ನನಗೆ ಅರಿಶಿನ ಹಚ್ಚಿದ ಶನಿವಾರ ಸಂಜೆ ಅಪ್ಪ ಕಚೇರಿಯಿಂದ ಬಂದವರು ಕೋಟು ಬಿಚ್ಚದೆ ಜಗಲಿಯಲ್ಲೇ ಕೂತರು. ಅರಿಶಿನವಾದ ಹುಡುಗಿ ಹೊಸಿಲು ದಾಟುವಂತಿಲ್ಲ. ನಾನು ಬಾಗಿಲ ಒಳಗೇ ನಿಂತು ಅವರ ಮುಖ ನೋಡಿದೆ.

ಅಪ್ಪ ಹವಾಮಾನ ಕಚೇರಿಯ ಗುಮಾಸ್ತರು. ಊರೂರಿಂದ ತಂತಿಯಲ್ಲಿ ಬರುವ ಗಾಳಿಯ ಒತ್ತಡವನ್ನು ನಕ್ಷೆಯಲ್ಲಿ ಗುರುತಿಸಿ, ಒಂದೇ ಒತ್ತಡದ ಊರುಗಳನ್ನು ಗೆರೆಯಿಂದ ಸೇರಿಸುವುದು ಅವರ ಕೆಲಸ. ಹಳೆಯ ನಕ್ಷೆಗಳನ್ನು ಮನೆಗೆ ತರುತ್ತಿದ್ದರು. ಶಾಲೆ ಬಿಡಿಸಿದ ಮೇಲೆ ನಾನು ಓದಿದ್ದು ಅವನ್ನೇ.

"ಸಮುದ್ರದಲ್ಲಿ ತುಫಾನು ಎದ್ದಿದೆ. ಎಲ್ಲಿ ದಡ ಹತ್ತುತ್ತೋ ತಿಳೀದು," ಅಂದರು ಅಪ್ಪ. "ಮೊನ್ನೆವರೆಗೂ ಹಡಗಿನವರು ಸುದ್ದಿ ಕಳಿಸ್ತಿದ್ರು. ನಾವು ಎಚ್ಚರಿಕೆ ಕೊಟ್ಟ ಮೇಲೆ ಎಲ್ಲಾ ದೂರ ಹೋಗ್ಬುಟ್ರು. ಈಗ ಅದರ ಹತ್ತಿರ ನೋಡೋರೇ ಇಲ್ಲ. ಕಡಲೂರಿಗೂ ಬರಬೌದು."

ಕಡಲೂರಿನಲ್ಲಿ ನನ್ನನ್ನು ಮದುವೆಯಾಗಲಿದ್ದ ಇಗ್ನೇಷಿಯಸ್ ಇದ್ದರು. ಮದುವೆ ಬುಧವಾರ. ಗಂಡಿನ ಕಡೆಯವರು ಸೋಮವಾರ ಸಂಜೆ ಹೊರಡುವುದೆಂದು ಮಾತಾಗಿತ್ತು. ನಾಳೆಯೇ ಹೊರಡಿ ಎಂದು ತಂತಿ ಕೊಡಬೇಕೆಂದರು ಅಪ್ಪ.

"ನಿಮ್ಮ ಕಚೇರಿ ಮಾತು ನಂಬಿ ನನ್ನ ಹಪ್ಪಳ ಎಷ್ಟು ಸಲ ನೆಂದಿಲ್ಲ," ಅಂದರು ಅವ್ವ. "ನಾವಾಗೇ ಅವಸರ ಮಾಡಿದ್ರೆ, ಹುಡುಗೀಲಿ ಏನೋ ಐಬಿದೆ ಅಂತಾರೆ ಕಣ್ರೀ."

ಅಪ್ಪ ಕೋಟಿನ ಗುಂಡಿ ಬಿಚ್ಚತೊಡಗಿದರು.

"ಅನ್ನಲಿ," ಅಂದೆ ನಾನು. ಹಿರಿಯರ ಮಾತಿನ ನಡುವೆ ನಾನು ಬಾಯಿ ಹಾಕಿದ್ದು ಅದೇ ಮೊದಲು. "ತಂತಿ ಕೊಡಿ ಅಪ್ಪ."

ಸೋಮವಾರ ಇಗ್ನೇಷಿಯಸ್ ತಮ್ಮ ಸೋದರಮಾವನ ಜೊತೆ ಬಂದಿಳಿದರು. ಅವರ ತಾಯಿ ಬಂದಿರಲಿಲ್ಲ.

"ಹೆಣ್ಣಿನ ಕಡೆಯವರು ಕರೆದಾಗೆಲ್ಲ ಓಡೋಕಾಗಲ್ಲ, ಮಾತಾದ ಹೊತ್ತಿಗೇ ಹೊರಡ್ತೀನಿ ಅಂದ್ಬುಟ್ಟಳು," ಅಂದರು ಸೋದರಮಾವ.

ಅಂದು ಮಧ್ಯಾಹ್ನವೇ ತುಫಾನು ಕಡಲೂರಿಗೆ ಬಡಿಯಿತು. ಮಂಗಳವಾರ ಅಲ್ಲಿಂದ ತಂತಿ ಬರಲಿಲ್ಲ. ಆ ದಿನ ಅಪ್ಪನ ನಕ್ಷೆಯಲ್ಲಿ ಗೆರೆಗಳೆಲ್ಲ ಕಡಲೂರಿನ ಹತ್ತಿರ ಬಂದು ನಿಂತಿದ್ದವು.

ಬರುವ ಭಾನುವಾರದಿಂದ ಆಗಮನ ಕಾಲ, ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ. ಆಮೇಲೆ ಜನವರಿಯ ಮೂರು ರಾಯರ ಹಬ್ಬ ಕಳೆಯುವವರೆಗೆ ನಮ್ಮಲ್ಲಿ ಮದುವೆಯಿಲ್ಲ. ಕಡಲೂರಿನ ಸುದ್ದಿ ಬರುವವರೆಗೆ ಕಾಯೋಣವೇ ಎಂದು ಅಪ್ಪ ಕೇಳಿದರು. "ಅಮ್ಮ ಹೇಳಿದ್ದು ಬುಧವಾರ," ಅಂದರು ಇಗ್ನೇಷಿಯಸ್.

ಬುಧವಾರ ಮದುವೆಯ ಪೂಜೆ ಮುಗಿದು ಚರ್ಚಿನಿಂದ ಹೊರಗೆ ಬಂದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಗಾಳಿಯಿರಲಿಲ್ಲ. ಇಗ್ನೇಷಿಯಸ್ ಕೊಡೆಯ ಆಚೆ ಅಂಗೈ ಚಾಚಿ ಹನಿ ಹಿಡಿದು, ನನ್ನ ಜೊತೆ ಮೊದಲ ಮಾತು ಆಡಿದರು.

"ಈ ಮಳೆ ಅಲ್ಲಿಂದ ಬಂದದ್ದೇನು?"

ಸುಳ್ಳು ಹೇಳಬಹುದಿತ್ತು.

"ಹೌದು," ಅಂದೆ. "ನೆಲಕ್ಕೆ ಬಂದ ಮೇಲೆ ಅದರ ಬಲ ಉಡುಗುತ್ತೆ. ಇದು ಉಳಿದದ್ದು."

ಅವರು ಕೊಡೆಯಿಂದ ಆಚೆ ಹೋಗಿ ಬರಿತಲೆಯಲ್ಲಿ ನಿಂತರು. ಅವ್ವ ಬೇಡವೆಂದು ಕೈಸನ್ನೆ ಮಾಡುತ್ತಿದ್ದರೂ ನಾನೂ ಹೋಗಿ ಅವರ ಪಕ್ಕದಲ್ಲಿ ನಿಂತೆ.