ನುಣುಪಮ್ಮ ಕಂಡ ಕೆಂಪು ಗೆರೆ

ವಿದ್ಯುತ್ತಿನ ಚಿತ್ರಗಳನ್ನು ನಯ ಮಾಡುವುದರಲ್ಲಿ ನುಣುಪಮ್ಮನನ್ನು ಮೀರಿಸುವವರು ಮೂರು ಲೋಕದಲ್ಲೂ ಹುಟ್ಟಿರಲಿಲ್ಲ. ರೋಗಿಯ ತಲೆಯ ಸ್ಕ್ಯಾನಿನಿಂದ, ಒಳಗೆ ಕರೆಂಟು ಎಲ್ಲೆಲ್ಲಿ ಎಷ್ಟು ದಟ್ಟವಾಗಿ ಹರಿದೀತೆಂದು ಮೊದಲೇ ಲೆಕ್ಕ ಹಾಕಿ, ಬಣ್ಣದಲ್ಲಿ ತೋರಿಸುವುದು ಆಸ್ಪತ್ರೆಯಲ್ಲಿ ಅವಳ ಕೆಲಸ. ಚಿತ್ರದ ಒಂದು ಚೌಕದ ಅಂಕಿಯನ್ನು ಅಕ್ಕಪಕ್ಕದ ಚೌಕಗಳೊಂದಿಗೆ ಬೆರೆಸಿ ಸರಾಸರಿ ಮಾಡಿದಳೆಂದರೆ, ಆ ಚಿತ್ರದ ಮೇಲೆ ಕೂತ ನೊಣವೂ ಜಾರಿ ಬೀಳಬೇಕು. ಹೆಸರು ಬಂದದ್ದೇ ಹಾಗೆ.

ಆ ದಿನದ ತಲೆ ಅವಳ ಸ್ವಂತ ತಮ್ಮನದು. ಕೈನಡುಕಕ್ಕೆ ಚಿಕಿತ್ಸೆ; ಮಧ್ಯಾಹ್ನ ಮೂರಕ್ಕೆ ತಲೆಗೆ ಎರಡು ಪಟ್ಟಿ ಅಂಟಿಸಿ ಕರೆಂಟು ಬಿಡುವುದಿತ್ತು. ನಯವಾದ ಚಿತ್ರದಲ್ಲಿ ಎಲ್ಲವೂ ತಣ್ಣನೆಯ ನೀಲಿ. ಡಾಕ್ಟರು ಸಹಿಯನ್ನೂ ಹಾಕಿಯಾಗಿತ್ತು. ಒಡಹುಟ್ಟಿದವನೆಂಬ ಅಳುಕಿಗೋ ಏನೋ, ಅವಳು ಜನ್ಮದಲ್ಲಿ ಮಾಡದ್ದನ್ನು ಮಾಡಿದಳು: ಸರಾಸರಿ ಮಾಡದ ಮೂಲ ಅಂಕಿಗಳನ್ನೇ ನೋಡಿದಳು.

ಎಡಗಿವಿಯ ಮೇಲೆ, ಪಟ್ಟಿ ಕೂರುವಲ್ಲೇ, ಕೂದಲೆಳೆಯಷ್ಟು ಕೆಂಪು ಗೆರೆ. ಸುತ್ತಲಿನದಕ್ಕಿಂತ ನೂರು ಪಟ್ಟು. ಅಷ್ಟು ಹರಿದರೆ ಅಡಿಯ ಮಿದುಳು ಬೆಂದೇ ಹೋದೀತು.

ಯೂನಿಟ್ಟು ತಪ್ಪಿರಬೇಕೆಂದುಕೊಂಡಳು. ಚದರ ಮೀಟರಿನ ಆಂಪಿಯರನ್ನು ಚದರ ಸೆಂಟಿಮೀಟರಿನದೆಂದು ಓದಿ ಹತ್ತು ಸಾವಿರ ಪಟ್ಟು ಎಡವಿದವರನ್ನು, ಇರುವೆ ಆನೆಯಾದದ್ದನ್ನು ಅವಳು ಕಂಡವಳೇ. ಆದರೆ ಯೂನಿಟ್ಟು ತಪ್ಪಿದ್ದರೆ ಇಡೀ ತಲೆ ಕೆಂಪಾಗಬೇಕಿತ್ತು, ಒಂದು ಗೆರೆಯಲ್ಲ. ಲೆಕ್ಕದ ಮೂಲೆಯಲ್ಲಿ ಹುಟ್ಟಿದ ಸುಳ್ಳು ಅಂಕಿಯೇ? ಚೌಕಗಳನ್ನು ಚಿಕ್ಕದು ಮಾಡಿದಳು, ಇನ್ನೂ ಚಿಕ್ಕದು ಮಾಡಿದಳು. ಸುಳ್ಳಾದರೆ ಅಂಕಿ ಏರುತ್ತಲೇ ಹೋಗಬೇಕು. ಇದು ಕದಲಲಿಲ್ಲ. ಗೆರೆ ಮಾತ್ರ ಸ್ಪಷ್ಟವಾಗುತ್ತ ಹೋಗಿ, ತುದಿಯಲ್ಲಿ ಮೆಲ್ಲನೆ ಕವಲೊಡೆಯಿತು.

ಬುರುಡೆಯ ಬಿರುಕು. ಮೂಳೆ ತಡೆಯುವ ಕರೆಂಟೆಲ್ಲ ಆ ಸಂದಿನಲ್ಲೇ ನುಗ್ಗುತ್ತದೆ.

ಮೂವತ್ತೊಂದು ವರ್ಷದ ಹಿಂದೆ ಏಳು ವರ್ಷದ ಹುಡುಗಿಯ ತೋಳಿನಿಂದ ಎಂಟು ತಿಂಗಳ ಕೂಸು ಮೆಟ್ಟಿಲಿನ ಮೇಲೆ ಜಾರಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹುಡುಗಿ ಇಂದಿಗೂ ಯಾರೆದುರೂ ಬಾಯಿ ಬಿಟ್ಟಿರಲಿಲ್ಲ.

ಅವಳು ಚಿತ್ರ ಹಿಡಿದು ಚಿಕಿತ್ಸೆಯ ಕೋಣೆಗೆ ಓಡಿ ಬರುವಷ್ಟರಲ್ಲಿ ತಮ್ಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿದ್ದ, ಪಟ್ಟಿಗಳು ಅಂಟಿದ್ದವು; ಕರೆಂಟು ಇನ್ನೂ ಬಿಟ್ಟಿರಲಿಲ್ಲ. ಡಾಕ್ಟರು ಗೆರೆ ನೋಡಿ ನಕ್ಕರು.

"ನಯ ಮಾಡಮ್ಮ, ಹೋಗುತ್ತೆ. ದಿನಾ ಮಾಡ್ತೀಯಲ್ಲ."

"ಇದು ಹೋಗಲ್ಲ ಸಾರ್. ಅಲ್ಲಿ ಮೂಳೆ ಬಿರುಕು ಬಿಟ್ಟಿದೆ. ಕೂಸಾಗಿದ್ದಾಗ ಇವನನ್ನ ನಾನೇ ಬೀಳಿಸಿದ್ದೆ."

ಡಾಕ್ಟರ ನಗು ಅಲ್ಲೇ ಇಂಗಿತು. ಅವರು ಯಂತ್ರದ ಸ್ವಿಚ್ಚು ಆರಿಸಿ ಪಟ್ಟಿಗಳನ್ನು ಕಿತ್ತರು.

ತಮ್ಮ ಕಣ್ಣು ತೆರೆಯಲಿಲ್ಲ.

"ಐದನೇ ಮೆಟ್ಲು, ಅಕ್ಕ," ಎಂದ ಮೆಲ್ಲಗೆ. "ನಾನು ಅಳ್ತಿದ್ದೆ. ನೀನು ನನ್ನ ಬಾಯಿ ಮುಚ್ಚಿದೆ."

ಎಂಟು ತಿಂಗಳ ಕೂಸಿಗೆ ಅದು ಹೇಗೆ ನೆನಪುಳಿಯಿತೋ. ಎಷ್ಟನೆಯ ಮೆಟ್ಟಿಲೆಂದು ಅವಳೂ ಎಣಿಸಿರಲಿಲ್ಲ. ಬಾಯಿ ಮುಚ್ಚಿದ್ದು ಮಾತ್ರ ನಿಜ.