ಜಾಲರಿಗೆ ಹೊಲಿದ ಅಂಗಿ

ಸೆಕೆಗಾಲ ಬಂತೆಂದರೆ ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಗೋಳಾಡುತ್ತಿದ್ದವಳು ನನ್ನ ಪಕ್ಕದ ಮನೆಯ ಟೈಲರಮ್ಮ. ನಮಗೆ ಬೆವರಿದರೆ ಒರೆಸಿಕೊಂಡರಾಯಿತು. ಅವಳ ಬೆವರು ಗಿರಾಕಿಯ ಬಿಳಿ ಬಟ್ಟೆಯ ಮೇಲೆ ಬಿದ್ದರೆ ಕಲೆ. ಫ್ಯಾನ್ ಹಾಕೋಣವೆಂದರೆ ಕತ್ತರಿಸಿಟ್ಟ ತೋಳು, ಕಾಲರ್ ಎಲ್ಲ ಹಾರಿಹೋಗಿ ಮಂಚದ ಕೆಳಗೆ ಸೇರುತ್ತಿದ್ದವು. ಹೀಗಾಗಿ ಗಂಡ ಹೆಂಡತಿ ಮಾತಾಡಿಕೊಂಡು ಹೊಲಿಗೆ ಕೋಣೆಗೆ ಒಂದು ಎಸಿ ಹಾಕಿಸಿದರು. ಮೊದಲ ದಿನ ಬೀದಿಯ ಹೆಂಗಸರೆಲ್ಲ ಏನೇನೋ ನೆಪ ತೆಗೆದು ಅಲ್ಲಿಗೆ ಹೋಗಿ ಕುಳಿತೆವು. ನಾನಂತೂ ಎಲ್ಲೂ ಹರಿಯದೇ ಇದ್ದ ದಿಂಬಿನ ಚೀಲವನ್ನು ರಿಪೇರಿಗೆಂದು ಹಿಡಿದುಕೊಂಡು ಹೋಗಿದ್ದೆ.

ಆ ಕೋಣೆಯಲ್ಲಿ ಕೆಲಸ ಮಾಡುವವರು ಇಬ್ಬರು. ಮಿಷನ್ ತುಳಿಯುವವಳು ಟೈಲರಮ್ಮ. ಎಸಿಯ ಕೆಳಗೆ ಕುರ್ಚಿ ಹಾಕಿಕೊಂಡು, ಗುಂಡಿಯ ತೂತಿಗೆ ಕಾಜ ಹೊಲಿದು ಗುಂಡಿ ಹಚ್ಚುವವರು ಅವಳ ಅತ್ತೆ. ಕಾಜ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಇಬ್ಬರೂ ದಿನವಿಡೀ ಒಬ್ಬರನ್ನೊಬ್ಬರು ಕೆಣಕುತ್ತ, ನಗುತ್ತ, ಬೀದಿಯ ಸಮಾಚಾರವನ್ನೆಲ್ಲ ಜಾಲಾಡುತ್ತಿದ್ದರು. ಗೋಡೆಯ ಈಚೆಗಿದ್ದ ನನಗೆ ರೇಡಿಯೋ ಬೇಕೆಂದು ಅನ್ನಿಸಿದ್ದೇ ಇಲ್ಲ.

ಎಸಿ ಬಂದು ಕೆಲವು ತಿಂಗಳಾಗುವಷ್ಟರಲ್ಲಿ ಗೋಡೆಯಾಚೆ ಮಾತು ಕಡಿಮೆಯಾಗಿ ಕೆಮ್ಮು ಹೆಚ್ಚಾಯಿತು. ಅತ್ತೆಯ ಕಣ್ಣು ಉರಿಯುತ್ತಿತ್ತು, ಮೂಗು ಕಟ್ಟುತ್ತಿತ್ತು. ಟೈಲರಮ್ಮನಿಗೂ ಮಧ್ಯಾಹ್ನದ ಹೊತ್ತಿಗೆ ತಲೆ ಭಾರ. ಕೋಣೆಯಲ್ಲಿ ಒದ್ದೆ ಬಟ್ಟೆ ಒಣಗದೆ ಬಿದ್ದಂಥ ಮುಗ್ಗಲು ವಾಸನೆ. ಅದಕ್ಕೊಂದು ಸುವಾಸನೆಯ ಸ್ಪ್ರೇ ತಂದು ಹೊಡೆದರು. ಎಸಿಯಿಂದ ತೊಟ್ಟಿಕ್ಕುವ ನೀರಿಗೆ ಒಂದು ಬಕೆಟ್ ಇಟ್ಟರು. ಕೆಮ್ಮಿಗೆ ಸಿರಪ್ ತಂದರು. ಹೀಗೆ ಒಂದೊಂದಕ್ಕೂ ಒಂದೊಂದು ಉಪಾಯ ಮಾಡಿದರೇ ಹೊರತು, ಇವೆಲ್ಲ ಎಲ್ಲಿಂದ ಬಂದವು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಟೈಲರಮ್ಮನ ಗಂಡ ಸೋಫಾ ಅಂಗಡಿಯಲ್ಲಿ ಕುಶನ್ ಕೆಲಸ ಮಾಡುವವನು. ಒಳ್ಳೆಯವನು, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ತಂಪು ಹೊರಗೆ ಹೋಗಬಾರದೆಂದು ಅಂಗಡಿಯ ಫೋಮ್ ತುಂಡುಗಳನ್ನು ಕಿಟಕಿಯ ಸಂದುಗಳಿಗೆಲ್ಲ ತುರುಕಿ ಅಂಟಿಸಿದ್ದ. ಒಂದು ಇರುವೆಯೂ ನುಸುಳುವ ಹಾಗಿರಲಿಲ್ಲ. ಗಾಳಿ ಆಡಲಿ ಅಂತ ನಾನು ಒಮ್ಮೆ ಹೇಳಿದ್ದಕ್ಕೆ, ಎಸಿಯ ಹೊರಗಿನ ಡಬ್ಬ ಹೊಸ ಗಾಳಿಯನ್ನು ಎಳೆದುಕೊಂಡು ಪೈಪಿನಲ್ಲಿ ಒಳಗೆ ಕಳಿಸುತ್ತದೆ, ನಿಮಗೆ ಅಷ್ಟೂ ಗೊತ್ತಿಲ್ಲವೇ ಎಂದು ನನಗೇ ಪಾಠ ಮಾಡಿದ. ನಾನು ನಂಬಿ ಸುಮ್ಮನಾದೆ.

ಕೊನೆಗೆ ಒಂದು ದಿನ ಅತ್ತೆ ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರಂತೆ.

"ಈ ಮನೆ ಗಾಳಿ ನಂಗೆ ಒಗ್ತಿಲ್ಲ ಕಣೇ. ಚಿಕ್ಕ ಮಗನ ಮನೆಗೆ ಹೋಗಿರ್ತೀನಿ. ಭಾನುವಾರ ಬಂದು ಕರ್ಕೊಂಡು ಹೋಗ್ತಾನಂತೆ."

ಟೈಲರಮ್ಮ ನಮ್ಮ ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕುಳಿತು ಗಳಗಳ ಅತ್ತುಬಿಟ್ಟಳು. ಅತ್ತೆ ಮನೆ ಬಿಟ್ಟು ಹೋಗುತ್ತಾರೆಂದು ಸೊಸೆ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಕಾಜ ಹೊಲಿಯಲು ಇನ್ನೊಬ್ಬರು ಸಿಗುತ್ತಾರೆ ಬಿಡು ಎಂದು ಸಮಾಧಾನ ಮಾಡಲು ಹೋದೆ. ಅವಳು ನನ್ನ ಮುಖವನ್ನೇ ನೋಡಿ, "ಕಾಜದ ಮಾತಲ್ಲ ಅಕ್ಕ. ಅವರಿಲ್ದೆ ಆ ಕೋಣೇಲಿ ನಾನು ಒಬ್ಳೇ ಹೇಗೆ ಕೂತ್ಕೊಳ್ಳಲಿ?" ಎಂದಳು. 

ಮರುದಿನ ಆರೋಗ್ಯ ಕೇಂದ್ರದ ನರ್ಸ್ ತನ್ನ ಹೊಸ ಯೂನಿಫಾರ್ಮ್ ತೊಟ್ಟು ನೋಡಲು ಟೈಲರಮ್ಮನ ಹೊಲಿಗೆ ಕೋಣೆಗೆ ಬಂದಳು. ನಮ್ಮ ಬೀದಿಯವಳೇ, ಎಲ್ಲರ ಮನೆಯಲ್ಲೂ ಸಲಿಗೆ. ನಾನೂ ಅಲ್ಲೇ ಇದ್ದೆ. ಯೂನಿಫಾರ್ಮ್ ಸೊಂಟದಲ್ಲಿ ಬಿಗಿಯೋ ಸಡಿಲವೋ ಎಂದು ನೋಡುವುದಕ್ಕೆ ಮುಂಚೆಯೇ ಅವಳು ಮೂಗು ಅರಳಿಸಿದಳು. ಕಿಟಕಿಯ ಫೋಮ್ ನೋಡಿದಳು, ಬಕೆಟ್ ನೋಡಿದಳು, ಮೂಲೆಯಲ್ಲಿ ಬಿದ್ದಿದ್ದ ಬಟ್ಟೆ ಪುಡಿಯನ್ನೂ ಅತ್ತೆಯ ಕೆಂಪು ಕಣ್ಣನ್ನೂ ನೋಡಿದಳು. ಎಸಿಯೊಳಗೆ ಧೂಳು ಸೋಸುವ ಜಾಲರಿಯನ್ನು ಯಾವಾಗ ತೊಳೆದಿರಿ ಎಂದು ಕೇಳಿದಳು.

ಊಟಕ್ಕೆ ಬಂದಿದ್ದ ಗಂಡ, ಅದರ ಅಗತ್ಯವೇ ಇಲ್ಲ, ಒಳಗೆ ಧೂಳು ಹೋಗದ ಹಾಗೆ ನಮ್ಮವಳು ಮೊದಲೇ ವ್ಯವಸ್ಥೆ ಮಾಡಿದ್ದಾಳೆ ಎಂದು ಹೆಮ್ಮೆಯಿಂದ ಹೇಳಿದ. ತೋರಿಸಿ ನೋಡೋಣ ಎಂದಳು ನರ್ಸ್. ಅವನು ಎಸಿ ಆರಿಸಿ, ಅದರ ಸ್ವಿಚ್ಚನ್ನೂ ಆಫ್ ಮಾಡಿ, ಸ್ಟೂಲ್ ಹತ್ತಿ ಮುಂದಿನ ಮುಚ್ಚಳ ಎತ್ತಿದ.

ಜಾಲರಿ ಕಾಣಲೇ ಇಲ್ಲ. ಅದಕ್ಕೆ ದಿಂಬಿಗೆ ತೊಡಿಸುವ ಹಾಗೆ, ಅಂಚಿಗೆ ಎಲಾಸ್ಟಿಕ್ ಕೊಟ್ಟು ಹೊಲಿದ ಒಂದು ಅಂಗಿ ತೊಡಿಸಲಾಗಿತ್ತು. ಒಂದು ಕಾಲಕ್ಕೆ ಬಿಳಿಯಾಗಿದ್ದ ಬಟ್ಟೆ ಈಗ ಬೂದು ಬಣ್ಣದ ಕಂಬಳಿಯ ಹಾಗಿತ್ತು. ಅದರ ಹಿಂದೆ ಒದ್ದೆ ಭಾಗದಲ್ಲಿ ಕಪ್ಪು ಬೂಷ್ಟು ಹಬ್ಬಿತ್ತು.

"ಇದೇನಕ್ಕ ಇದು?" ನರ್ಸ್ ಟೈಲರಮ್ಮನನ್ನು ಕೇಳಿದಳು.

"ನಾನೇ ಹೊಲಿದೆ. ಜಾಲರಿ ತೂತು ದೊಡ್ಡದು ಅನ್ನಿಸ್ತು. ಅತ್ತೆಗೆ ಧೂಳು ಆಗಲ್ಲ. ಅದಕ್ಕೆ ದಪ್ಪ ಲೈನಿಂಗ್ ಬಟ್ಟೆ ಎರಡು ಪದರ ಇಟ್ಟೆ."

ನರ್ಸ್ ನಗಲಿಲ್ಲ, ಬೈಯಲೂ ಇಲ್ಲ. ಆ ಜಾಲರಿ ಗಾಳಿಯನ್ನು ಬಿಟ್ಟು ಧೂಳನ್ನು ಹಿಡಿಯುವಷ್ಟೇ ಸಣ್ಣ ಕಣ್ಣಿಟ್ಟು ಮಾಡಿದ್ದು ಎಂದು ಬಿಡಿಸಿ ಹೇಳಿದಳು. ಮೇಲೆ ದಪ್ಪ ಬಟ್ಟೆ ತೊಡಿಸಿದರೆ ಯಂತ್ರಕ್ಕೆ ಉಸಿರುಗಟ್ಟುತ್ತದೆ. ಗಾಳಿ ಸಾಗದೆ ಒಳಗೆ ಮಂಜುಗಡ್ಡೆ ಕಟ್ಟುತ್ತದೆ, ಅದು ಕರಗಿ ನೀರು ತೊಟ್ಟಿಕ್ಕುತ್ತದೆ. ಒದ್ದೆಯೂ ಧೂಳೂ ಸೇರಿದ ಕಡೆ ಬೂಷ್ಟು ಬೆಳೆಯುತ್ತದೆ. ಆ ಬೂಷ್ಟಿನ ಗಾಳಿಯೇ ದಿನವಿಡೀ ಕೆಳಗಿನ ಕುರ್ಚಿಯ ಮೇಲೆ ಸುರಿಯುತ್ತಿರುತ್ತದೆ.

ಟೈಲರಮ್ಮನ ಮುಖ ಬಿಳಿಚಿಕೊಂಡಿತು. ಯಾರ ಕೆಮ್ಮು ತಪ್ಪಲಿ ಎಂದು ಹೊಲಿದಿದ್ದಳೋ ಅವರಿಗೇ ಅದು ಮುಳುವಾಗಿತ್ತು. ಅವಳು ಆ ಅಂಗಿಯನ್ನು ಮುದುಡಿ ಹಿಂದೆ ಬಚ್ಚಿಡಲು ಹೋದಳು. ಅತ್ತೆ ಕೈ ಚಾಚಿ ಅದನ್ನು ಕೇಳಿ ತೆಗೆದುಕೊಂಡರು. ಕನ್ನಡಕ ಏರಿಸಿ ಅಂಚುಗಳನ್ನು ತಿರುವಿ ತಿರುವಿ ನೋಡಿದರು.

"ಹೊಲಿಗೇಲಿ ಮಾತ್ರ ಬೆರಳಿಟ್ಟು ತೋರಿಸೋಕೆ ಒಂದು ತಪ್ಪಿಲ್ಲ. ನನಗೋಸ್ಕರ ಹೊಲಿದಿದ್ದಲ್ವಾ, ಹಾಗೇ ಇರುತ್ತೆ," ಎಂದರು.

ಟೈಲರಮ್ಮ ಅಳುತ್ತಲೇ ನಕ್ಕಳು. ನಾನು ಅತ್ತ ತಿರುಗಿ ಮೂಗು ಒರೆಸಿಕೊಂಡೆ.

ಇನ್ನು ಕಿಟಕಿಯ ಸರದಿ. ಅಲ್ಲಿ ಗಂಡ ಜಗ್ಗಲಿಲ್ಲ. ಪೈಪಿನಲ್ಲಿ ಹೊಸ ಗಾಳಿ ಬರುತ್ತಿರುವಾಗ ಕಿಟಕಿ ಏಕೆ ತೆಗೆಯಬೇಕೆಂದು ಅವನ ವಾದ. ನರ್ಸ್ ಅವನ ಮುಂದೆ ಕುಳಿತು ಹೇಳಿದಳು:

"ಅಣ್ಣ, ಆ ಪೈಪಲ್ಲಿ ಗಾಳಿ ಬರಲ್ಲ. ಒಳಗಿನ ಬಿಸಿಯನ್ನ ಹೊರಗೆ ಸಾಗಿಸೋ ಗ್ಯಾಸ್ ಅದರಲ್ಲಿರೋದು. ಮನೇಲಿ ಹಾಕೋ ಇಂಥ ಎಸಿ ಕೋಣೆಯೊಳಗಿನ ಗಾಳಿಯನ್ನೇ ಸುತ್ತಿ ಸುತ್ತಿ ತಣ್ಣಗೆ ಮಾಡುತ್ತೆ. ಒಂದೇ ಬಕೆಟ್ ನೀರಲ್ಲಿ ದಿನವೆಲ್ಲ ಪಾತ್ರೆ ತೊಳೆದ ಹಾಗೆ. ನೀರು ತಣ್ಣಗಿದೆ ಅಂದ್ರೆ ಶುದ್ಧವಾಗಿದೆ ಅಂತಲ್ಲ."

ಅವನು ತಲೆ ಕೆರೆದುಕೊಂಡ. ಒಪ್ಪಿದೆ ಎನ್ನಲಿಲ್ಲ, ಆದರೆ ಫೋಮ್ ಕೀಳಲು ಕೈ ಹಾಕಿದ. ಭಾನುವಾರದವರೆಗೆ ಮಾತ್ರ ಎಂದು ಷರತ್ತು ಹಾಕಿದ.

ಜಾಲರಿಯನ್ನು ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದರು. ಒಳಗಿನ ಬೂಷ್ಟಿಗೆ ಮಾತ್ರ ನರ್ಸ್ ಕೈ ಹಾಕಗೊಡಲಿಲ್ಲ. ಎಸಿ ಮೆಕ್ಯಾನಿಕ್ ಬಂದು ಅದನ್ನು ತೊಳೆದು, ನೀರು ಹೋಗುವ ಪೈಪಿನಲ್ಲಿ ಕಟ್ಟಿಕೊಂಡಿದ್ದ ಗಸಿ ತೆಗೆದ. ಸ್ಪ್ರೇ ಡಬ್ಬಿ ಕಸಕ್ಕೆ ಹೋಯಿತು. ಬಟ್ಟೆ ಕತ್ತರಿಸುವಾಗ ಎಸಿ ಬಂದ್, ಕಿಟಕಿ ತೆರೆ. ಪುಡಿಯನ್ನು ಪೊರಕೆಯಿಂದ ಎಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸು. ಆಮೇಲೆ ಎಸಿ ಹಾಕು. ಇದು ಹೊಸ ಪದ್ಧತಿಯಾಯಿತು. ಎಸಿಯನ್ನು ಹದಿನೆಂಟು ಡಿಗ್ರಿಗೆ ಇಟ್ಟು ಶಾಲು ಹೊದ್ದು ಕೂರುವ ಸಂಭ್ರಮವೂ ನಿಂತು, ಇಪ್ಪತ್ತೈದರ ಆಸುಪಾಸಿನಲ್ಲಿ ಎಲ್ಲರೂ ಹಾಯಾಗಿದ್ದರು. ಅತ್ತೆಯನ್ನು ನರ್ಸೇ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಕೆಮ್ಮು ಎರಡು ವಾರ ದಾಟಿದರೆ ಮನೆಯಲ್ಲೇ ಸಿರಪ್ ಕುಡಿದುಕೊಂಡು ಕೂರಬಾರದು ಎಂದು ದಾರಿಯುದ್ದಕ್ಕೂ ಗದರಿದಳಂತೆ. ಪರೀಕ್ಷೆ ಮಾಡಿದ ಡಾಕ್ಟರು, ಧೂಳು ಮತ್ತು ಬೂಷ್ಟಿನ ಅಲರ್ಜಿ ಎಂದು ಹೇಳಿ ಔಷಧಿ ಕೊಟ್ಟರು.

ಗಂಡನನ್ನು ಒಪ್ಪಿಸಿದ್ದು ಒಂದು ದಾರದ ಎಳೆ. ಟೈಲರಮ್ಮ ಎಸಿಯಿಂದ ಗಾಳಿ ಬರುವ ಬಾಯಿಗೆ ಒಂದು ಕೆಂಪು ದಾರ ಕಟ್ಟಿದಳು. ಮೊದಲು ಹಳೆಯ ಅಂಗಿ ತೊಡಿಸಿ ಯಂತ್ರ ಹಾಕಿ ತೋರಿಸಿದಳು, ದಾರ ಅಲುಗಿತೋ ಇಲ್ಲವೋ ಎಂಬಂತಿತ್ತು. ಅಂಗಿ ತೆಗೆದು ಹಾಕಿದಾಗ ದಾರ ಮೇಲೆದ್ದು ಪಟಪಟನೆ ಕುಣಿಯಿತು. ಪೈಪಿನಲ್ಲಿ ಹೊರಗಿನ ಗಾಳಿ ಬರುವುದಾಗಿದ್ದರೆ ಜಾಲರಿ ಮುಚ್ಚಿದಾಗಲೂ ದಾರ ಕುಣಿಯಬೇಕಿತ್ತಲ್ಲ! ಅವನು ಉಳಿದಿದ್ದ ಫೋಮನ್ನು ತಾನಾಗಿಯೇ ಕಿತ್ತು ಚೀಲಕ್ಕೆ ತುಂಬಿದ. ಸೋತೆ ಎಂದು ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅವನದು, ಅಷ್ಟು ಮಾಡಿದ್ದೇ ಹೆಚ್ಚು.

ಭಾನುವಾರ ಚಿಕ್ಕ ಮಗ ಬಂದ. ಅತ್ತೆಯ ಕೆಮ್ಮು ಪೂರ್ತಿ ಹೋಗಿರಲಿಲ್ಲ, ಆದರೆ ಗೋಡೆಯಾಚೆ ಮಾತು ಮತ್ತೆ ಶುರುವಾಗಿತ್ತು. ಅವನು ಬ್ಯಾಗ್ ಎತ್ತಲು ಹೋದಾಗ ಅವರು ತಡೆದರು.

"ನಿಮ್ಮನೇಲೂ ಎಸಿ ಇದೆಯಲ್ಲ. ಅದರ ಜಾಲರಿ ಯಾವಾಗ ತೊಳೆದೆ?"

ಅವನು ಕಣ್ಣು ಮಿಟುಕಿಸಿದ. "ಯಾವ ಜಾಲರಿ ಅಮ್ಮ?"

ಅತ್ತೆ ಎದ್ದು ಒಂದು ಹಳೇ ಬ್ರಷ್ ಹುಡುಕಿ ಕೈಗೆ ತೆಗೆದುಕೊಂಡರು. "ನಡಿ, ಬರ್ತೀನಿ. ಬ್ಯಾಗ್ ಬೇಡ, ಇದು ಸಾಕು. ಸಂಜೆ ವಾಪಸ್ ತಂದು ಬಿಡು, ನರ್ಸಮ್ಮನ ಯೂನಿಫಾರ್ಮಿಗೆ ಕಾಜ ಬಾಕಿ ಇದೆ."

ಬಾಗಿಲಲ್ಲಿ ನಿಂತಿದ್ದ ಟೈಲರಮ್ಮ ಅಂದು ಸಂಜೆಯವರೆಗೂ ಒಬ್ಬಳೇ ಹಾಡಿಕೊಂಡು ಮಿಷನ್ ತುಳಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಎಸಿ ಇದ್ದರೆ ಈಗಲೇ ಎದ್ದು ಅದರ ಸ್ವಿಚ್ ಆಫ್ ಮಾಡಿ, ಮುಚ್ಚಳ ಎತ್ತಿ ನೋಡಿ. ಬಳಸುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಜಾಲರಿ ತೊಳೆಯಿರಿ, ಅದರ ಮೇಲೆ ಏನನ್ನೂ ಹೊದಿಸಬೇಡಿ. ವರ್ಷಕ್ಕೊಮ್ಮೆ ಮೆಕ್ಯಾನಿಕ್ ಕೈಯಲ್ಲಿ ಒಳಗೆಲ್ಲ ತೊಳೆಸಿ. ದಿನಾ ಬೆಳಿಗ್ಗೆ ಸಂಜೆ ಸ್ವಲ್ಪ ಹೊತ್ತು ಕಿಟಕಿ ತೆಗೆಯಿರಿ; ಹೊರಗೆ ಹೊಗೆಯೋ ಧೂಳೋ ಇದ್ದರೆ ಅದು ತಗ್ಗಿದ ಮೇಲೆ ತೆಗೆಯಿರಿ. ಮುಚ್ಚಿದ ಕೋಣೆಯಲ್ಲಿ ಬೀಡಿ, ಸಿಗರೇಟು, ಸೊಳ್ಳೆಬತ್ತಿ ಬೇಡವೇ ಬೇಡ. ಎಸಿಯ ಬಾಯಿಗೆ ಒಂದು ದಾರ ಕಟ್ಟಿ, ಅದು ಕುಣಿಯುವುದನ್ನು ನಿಲ್ಲಿಸಿದ ದಿನ ನೀವು ಎದ್ದು ಜಾಲರಿ ನೋಡಿ. ನಮ್ಮ ಬೀದಿಯಲ್ಲಿ ಎಸಿ ಇರುವ ಮನೆಗಳಲ್ಲೆಲ್ಲ ಈಗ ಕೆಂಪು ದಾರವಿದೆ. ನಿಮ್ಮನ್ನು ಕೇಳಲು ಒಬ್ಬ ಅತ್ತೆ ಬ್ರಷ್ ಹಿಡಿದು ಬರುವ ತನಕ ಕಾಯಬೇಡಿ.